ಚೆರೋಕಿ ಜನರ ತಾಳವಾದ್ಯಗಳು ಮತ್ತು ಒಂದು ವಿಶ್ವವಿದ್ಯಾಲಯದ ನೆಲ



ನೀವು ಓದುತ್ತಿರುವ ಶಾಲೆ ಅಥವಾ ಕಾಲೇಜಿನ ಕಟ್ಟಡ ಏಳುವುದಕ್ಕೆ ಮೊದಲು ಆ ಜಾಗದಲ್ಲಿ ಏನಿತ್ತು ಎಂದು ಎಂದಾದರೂ ಯೋಚಿಸಿದ್ದೀರಾ? ಗದ್ದೆ ಇತ್ತೇ, ತೋಪು ಇತ್ತೇ, ಯಾರದಾದರೂ ಊರಿತ್ತೇ? ಊರಿದ್ದರೆ ಅಲ್ಲಿಯ ಜನ ಎಲ್ಲಿಗೆ ಹೋದರು? ಇಂಥ ಪ್ರಶ್ನೆಗಳಿಗೆ ಉತ್ತರ ಹುಡುಕಲು ನಾವು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತೇವೆ. ಹಳೆಯ ಕಾಗದಪತ್ರಗಳನ್ನು ತೆಗೆದು ನೋಡುತ್ತೇವೆ. ಇಲ್ಲವೇ ನೆಲವನ್ನು ಅಗೆದು ನೋಡುತ್ತೇವೆ. ಇವೆರಡೂ ಅಲ್ಲದ ಮೂರನೆಯ ದಾರಿಯೊಂದಿದೆ. ಅದು ಕಿವಿಯ ದಾರಿ. ಒಂದು ನೆಲದ ಮೇಲೆ ಹಿಂದೆ ಬಾಳಿದವರು ಯಾವ ವಾದ್ಯ ಬಾರಿಸುತ್ತಿದ್ದರು, ಯಾವ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದರು ಎಂದು ಕೇಳಿ ತಿಳಿಯುವುದು. ದೂರದ ಅಮೆರಿಕದ ಒಂದು ವಿಶ್ವವಿದ್ಯಾಲಯವನ್ನು ಇಂದು ನಾವು ಹೀಗೆ ತಾಳವಾದ್ಯಗಳ ಮೂಲಕ ಪರಿಚಯ ಮಾಡಿಕೊಳ್ಳೋಣ.

ಅಮೆರಿಕ ಸಂಯುಕ್ತ ಸಂಸ್ಥಾನದ ಪೂರ್ವಭಾಗದಲ್ಲಿ ಅಪಲೇಶಿಯನ್ ಎಂಬ ಬಹಳ ಹಳೆಯ ಪರ್ವತಶ್ರೇಣಿ ಇದೆ. ಅದರ ದಕ್ಷಿಣ ಭಾಗದಲ್ಲಿ, ಉತ್ತರ ಕ್ಯಾರೊಲೈನಾ ರಾಜ್ಯದ ಪಶ್ಚಿಮ ಮೂಲೆಯಲ್ಲಿ, ಕಲೊವೀ ಎಂಬ ಸ್ಥಳವಿದೆ. ಸುತ್ತ ಬೆಟ್ಟ, ಹತ್ತಿರದಲ್ಲೇ ಟಕಸೀಜಿ ನದಿ. 1889ರಲ್ಲಿ ಇಲ್ಲಿ ಒಂದು ಸಣ್ಣ ಶಾಲೆ ಆರಂಭವಾಯಿತು. ಅದೇ ಬೆಳೆದು ಇಂದು ವೆಸ್ಟರ್ನ್ ಕ್ಯಾರೊಲೈನಾ ವಿಶ್ವವಿದ್ಯಾಲಯವಾಗಿದೆ. ಈ ಕ್ಯಾಂಪಸ್ಸು ನಿಂತಿರುವುದು ಖಾಲಿ ಬಯಲಿನ ಮೇಲಲ್ಲ, ಚೆರೋಕಿ ಎಂಬ ಮೂಲನಿವಾಸಿ ಜನರ ಹಳೆಯ ಊರಿನ ಮೇಲೆ. ಆ ಊರಿನ ಹೆಸರು ತಾಲಿ ತ್ಸಿಸ್‌ಗ್ವಾಯಾಹಿ. ಎರಡು ಗುಬ್ಬಿಗಳ ಊರು ಎಂದು ಅದರ ಅರ್ಥ. ಊರಿನಲ್ಲಿ ಜನರು ತಮ್ಮ ಕೈಯಿಂದಲೇ ಮಣ್ಣು ಹೊತ್ತು ಹಾಕಿ ಕಟ್ಟಿದ ದಿಬ್ಬವೊಂದಿತ್ತು. 1956ರಲ್ಲಿ ವಿದ್ಯಾಸಂಸ್ಥೆಯ ಹೊಸ ಕಟ್ಟಡಕ್ಕಾಗಿ ಆ ದಿಬ್ಬವನ್ನು ನೆಲಸಮ ಮಾಡಲಾಯಿತು. ಇಂದು ಅಲ್ಲಿಗೆ ಹೋದವರಿಗೆ ದಿಬ್ಬ ಕಾಣುವುದಿಲ್ಲ. ತರಗತಿಗಳಿರುವ ಕಟ್ಟಡ ಕಾಣುತ್ತದೆ.

ಒಂದು ಮಣ್ಣಿನ ದಿಬ್ಬ ಹೋದರೆ ಏನಾಯಿತು ಎಂದು ನೀವು ಕೇಳಬಹುದು. ಆ ದಿಬ್ಬ ಏನಾಗಿತ್ತು ಎಂದು ತಿಳಿದರೆ ಹೋದದ್ದು ಏನೆಂದು ಗೊತ್ತಾಗುತ್ತದೆ.

1775ರಲ್ಲಿ ವಿಲಿಯಂ ಬಾರ್ಟ್ರಮ್ ಎಂಬ ಸಸ್ಯವಿಜ್ಞಾನಿ ಈ ಪ್ರದೇಶದಲ್ಲಿ ಪ್ರವಾಸ ಮಾಡಿದರು. ಪಕ್ಕದ ನದಿಕಣಿವೆಯಲ್ಲಿದ್ದ ಕೌಯೀ ಎಂಬ ಚೆರೋಕಿ ಊರಿಗೂ ಹೋದರು. ಸುಮಾರು 20 ಅಡಿ ಎತ್ತರದ ಮಣ್ಣಿನ ದಿಬ್ಬದ ಮೇಲೆ ಕಟ್ಟಿದ್ದ ಊರ ಸಭಾಮನೆಯನ್ನು ಅವರು ವರ್ಣಿಸಿದ್ದಾರೆ. ಅದು ದುಂಡಾದ ಕಟ್ಟಡ. ನೂರಾರು ಜನ ಒಟ್ಟಿಗೆ ಸೇರಬಹುದಾದಷ್ಟು ದೊಡ್ಡದು. ನಡುವೆ ಬೆಂಕಿ. ಸುತ್ತಲೂ ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಗಲಿಗಳು. ಆ ರಾತ್ರಿ ಅಲ್ಲಿ ಮರುದಿನದ ಚೆಂಡಾಟಕ್ಕೆ ಮುಂಚಿನ ನೃತ್ಯ ನಡೆಯಿತು. ಹಾಡು, ವಾದ್ಯ, ಸಾಲಾಗಿ ಕುಣಿಯುವ ಯುವತಿಯರು, ಅವರ ನಂತರ ಬಂದ ಆಟಗಾರರು, ಎಲ್ಲವನ್ನೂ ಬಾರ್ಟ್ರಮ್ ನೋಡಿ ಬರೆದಿಟ್ಟರು. ಹಾಗಾದರೆ ಇಂಥ ದಿಬ್ಬ ಊರಿನ ನಡುಮನೆಯಿದ್ದಂತೆ. ನ್ಯಾಯ ತೀರ್ಮಾನ, ಪೂಜೆ, ಸಭೆ, ಕುಣಿತ ಎಲ್ಲವೂ ಅಲ್ಲಿಯೇ. ಮರುವರ್ಷ, 1776ರಲ್ಲಿ, ಅಮೆರಿಕದ ಸ್ವಾತಂತ್ರ್ಯ ಯುದ್ಧ ನಡೆಯುತ್ತಿದ್ದಾಗ ವಸಾಹತುಗಳ ಸೇನೆಗಳು ಈ ಬೆಟ್ಟಸೀಮೆಗೆ ನುಗ್ಗಿ ಹತ್ತಾರು ಚೆರೋಕಿ ಊರುಗಳನ್ನು ಸುಟ್ಟವು.

ಆಮೇಲಿನ ಇತಿಹಾಸವನ್ನು ಸಂಕ್ಷೇಪವಾಗಿ ಹೇಳುತ್ತೇನೆ. 1830ರಲ್ಲಿ ಅಮೆರಿಕದ ಸಂಸತ್ತು ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯ ಪಶ್ಚಿಮಕ್ಕೆ ಕಳುಹಿಸುವ ಕಾಯಿದೆ ಮಾಡಿತು. 1838-39ರಲ್ಲಿ ಸುಮಾರು 16 ಸಾವಿರ ಚೆರೋಕಿ ಜನರನ್ನು ಸೈನಿಕರ ಕಾವಲಿನಲ್ಲಿ ಮನೆ ಬಿಡಿಸಿ, ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಇಂದಿನ ಓಕ್ಲಹೋಮಾ ರಾಜ್ಯಕ್ಕೆ ಸಾಗಿಸಲಾಯಿತು. ಚಳಿ, ಹಸಿವು, ರೋಗಗಳಿಂದ ಸುಮಾರು 4 ಸಾವಿರ ಮಂದಿ ಸತ್ತರೆಂದು ಸಾಮಾನ್ಯವಾಗಿ ಅಂದಾಜು ಮಾಡುತ್ತಾರೆ. ಇದನ್ನೇ ಚರಿತ್ರೆಯಲ್ಲಿ ಕಣ್ಣೀರಿನ ಹಾದಿ ಎಂದು ಕರೆಯುವುದು. ಕೆಲವರು ಬೆಟ್ಟಗಳಲ್ಲಿ ಅಡಗಿಕೊಂಡು ಉಳಿದರು; ಇನ್ನು ಕೆಲವರು ಬೇರೆ ಒಪ್ಪಂದದ ಬಲದಿಂದ ಉಳಿದರು. ಇವರ ಸಂತತಿಯವರೇ ಇಂದಿನ ಪೂರ್ವ ಚೆರೋಕಿ ಸಮುದಾಯ. ಕಲೊವೀಯಿಂದ ಸುಮಾರು 40 ಕಿಲೋಮೀಟರ್ ದೂರದ ಕ್ವಾಲಾ ಸೀಮೆಯಲ್ಲಿ ಅವರು ನೆಲೆಸಿದ್ದಾರೆ. ತಮ್ಮ ಮೂಲ ಊರೆಂದು ಅವರು ಭಾವಿಸುವ ಕಿಟುವಾದ ದಿಬ್ಬವನ್ನೂ ಸುತ್ತಲಿನ 309 ಎಕರೆ ಜಮೀನನ್ನೂ ಅವರು ತಮ್ಮ ಹಣದಿಂದಲೇ ಮರಳಿ ಕೊಂಡುಕೊಂಡದ್ದು 1996ರಲ್ಲಿ.

ಆದುದರಿಂದ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳೋಣ. ಚೆರೋಕಿ ಪರಂಪರೆ ಎಂದರೆ ಸತ್ತುಹೋದ ಜನರ ಅವಶೇಷವಲ್ಲ. ಆ ಜನ ಇದ್ದಾರೆ. ಅವರ ಮಕ್ಕಳು ಇದೇ ವಿಶ್ವವಿದ್ಯಾಲಯದಲ್ಲಿ ಓದುತ್ತಾರೆ. ಕ್ಯಾಂಪಸ್ಸಿನ ಹಲವು ಫಲಕಗಳಲ್ಲಿ ಇಂಗ್ಲಿಷಿನ ಜೊತೆಗೆ ಚೆರೋಕಿ ಲಿಪಿಯೂ ಇದೆ.

ಈ ಲಿಪಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಇಂಗ್ಲಿಷ್ ಓದಲು ಬಾರದಿದ್ದ ಸಿಕ್ವೋಯಾ ಎಂಬ ಚೆರೋಕಿ ಕುಶಲಕರ್ಮಿ ವರ್ಷಗಟ್ಟಲೆ ಶ್ರಮಿಸಿ 1821ರಲ್ಲಿ ಇದನ್ನು ಪೂರ್ಣಗೊಳಿಸಿದರು. ಇಂದು ಬಳಕೆಯಲ್ಲಿರುವ ಚಿಹ್ನೆಗಳು 85. ಒಂದೊಂದು ಚಿಹ್ನೆಯೂ ನಮ್ಮ ಕಾಗುಣಿತದ ಅಕ್ಷರದಂತೆ ಒಂದು ಪೂರ್ಣ ಉಚ್ಚಾರವನ್ನು ಹೇಳುತ್ತದೆ. 1828ರಲ್ಲಿ ಈ ಲಿಪಿಯಲ್ಲಿ ಪತ್ರಿಕೆಯೇ ಹೊರಬಂತು. ವೈದ್ಯರು ತಮ್ಮ ಮಂತ್ರಗಳನ್ನೂ ಹಾಡಿನ ನುಡಿಗಳನ್ನೂ ಪುಸ್ತಕಗಳಲ್ಲಿ ಬರೆದುಕೊಂಡರು. ಆದರೆ ಲಿಪಿಗೆ ಸಿಕ್ಕುವುದು ನುಡಿ ಮಾತ್ರ. ಪೆಟ್ಟು ಎಲ್ಲಿ ಬೀಳಬೇಕು, ಲಯ ಎಲ್ಲಿ ಬಿಗಿಯಬೇಕು ಎಂಬುದು ಅಕ್ಷರಕ್ಕೆ ಸಿಕ್ಕುವುದಿಲ್ಲ. ಅದು ಕೈಯಿಂದ ಕೈಗೆ, ಕಾಲಿನಿಂದ ಕಾಲಿಗೆ ದಾಟಬೇಕು. ಹೀಗೆ ದಾಟಿ ಬಂದ ಮೂರು ನಾದಗಳನ್ನು ಈಗ ಒಂದೊಂದಾಗಿ ಕೇಳೋಣ.

ಮೊದಲನೆಯದು ನೀರಿನ ಮದ್ದಳೆ ಎನ್ನಬಹುದಾದ ಚರ್ಮವಾದ್ಯ. ಇದು ದೊಡ್ಡದಲ್ಲ, ಒಂದು ಕೈಯಲ್ಲಿ ಹಿಡಿಯಬಹುದು. ಮರದ ತುಂಡನ್ನು ಟೊಳ್ಳು ಮಾಡಿ, ಅಥವಾ ಮಣ್ಣಿನ ಗಡಿಗೆಯನ್ನೇ ಬಳಸಿ, ಬಾಯಿಗೆ ಹದಮಾಡಿದ ಚರ್ಮ ಬಿಗಿಯುತ್ತಾರೆ. ಆ ಬೆಟ್ಟಗಳಲ್ಲಿ ಬಿಲ ತೋಡಿ ವಾಸಿಸುವ ಗ್ರೌಂಡ್‌ಹಾಗ್ ಎಂಬ ಪ್ರಾಣಿಯ ಚರ್ಮ ಇದಕ್ಕೆ ಬಹಳ ಒಳ್ಳೆಯದೆನ್ನುತ್ತಾರೆ. ಒಳಗೆ ಸ್ವಲ್ಪ ನೀರು ಇರುತ್ತದೆ. ಬಾರಿಸುವವನು ಆಗಾಗ ವಾದ್ಯವನ್ನು ವಾಲಿಸಿ ಚರ್ಮವನ್ನು ಒಳಗಿನಿಂದ ನೆನೆಸುತ್ತಾನೆ. ಚರ್ಮ ಒಣಗಿದರೆ ಬಿಗಿದು ಶ್ರುತಿ ಏರುತ್ತದೆ, ನೆನೆದರೆ ಸಡಿಲಗೊಂಡು ಇಳಿಯುತ್ತದೆ ಎಂಬ ಸರಳ ವಿಜ್ಞಾನ ಇದರಲ್ಲಿದೆ. ನಮ್ಮಲ್ಲಿ ತಮಟೆಯನ್ನು ಬೆಂಕಿಗೆ ಕಾಯಿಸಿ ನಾದ ಏರಿಸುವುದನ್ನು ನೀವು ನೋಡಿದ್ದೀರಿ. ಚೆರೋಕಿ ವಾದಕ ಅದೇ ಚರ್ಮದ ಗುಣವನ್ನು ನೀರಿನಿಂದ ಹಿಡಿತದಲ್ಲಿಟ್ಟುಕೊಳ್ಳುತ್ತಾನೆ. ಬಾರಿಸಲು ಒಂದೇ ಕೋಲು. ನಾದ ಗುಡುಗಿನಂತಲ್ಲ, ಮೃದು, ಆದರೆ ಖಚಿತ.

ಎರಡನೆಯದು ಸೋರೆ ಬುರುಡೆಯ ಗಿಲಿಕೆ. ಒಣಗಿದ ಬುರುಡೆಯೊಳಗೆ ಸಣ್ಣ ಹರಳುಗಳನ್ನೋ ಕಾಳುಗಳನ್ನೋ ಹಾಕಿ, ಮರದ ಹಿಡಿ ಸಿಕ್ಕಿಸುತ್ತಾರೆ. ಹಲವು ಹಾಡುಗಳ ಆರಂಭದಲ್ಲಿ ಗಿಲಿಕೆಯನ್ನು ಬಿಡುವಿಲ್ಲದೆ ನಡುಗಿಸುತ್ತಾರೆ. ಆಗ ಮಳೆ ಸುರಿದ ಹಾಗೆ ಸದ್ದು. ಆಮೇಲೆ ಅದು ಒಂದೇ ಸಮನಾದ ಪೆಟ್ಟಿಗೆ ನಿಲ್ಲುತ್ತದೆ, ಕುಣಿಯುವವರು ಹೆಜ್ಜೆ ಹಿಡಿಯುತ್ತಾರೆ. ಅಂದರೆ ಗಿಲಿಕೆಯ ಕೆಲಸ ಲಯ ಕೊಡುವುದಷ್ಟೇ ಅಲ್ಲ. ಈಗ ಸಿದ್ಧರಾಗಿ, ಈಗ ಹೊರಡಿ ಎಂದು ಹೇಳುವುದೂ ಹೌದು.

ಮೂರನೆಯದು ಹೆಂಗಸರ ವಾದ್ಯ. ಆಮೆಯ ಚಿಪ್ಪುಗಳಲ್ಲಿ ಹರಳು ತುಂಬಿ, ಚರ್ಮದ ಪಟ್ಟಿಗೆ ಸಾಲಾಗಿ ಕಟ್ಟಿ, ಮೊಣಕಾಲಿನ ಕೆಳಗೆ ಎರಡೂ ಕಾಲುಗಳಿಗೆ ಬಿಗಿಯುತ್ತಾರೆ. ಇದು ನಮ್ಮ ಗೆಜ್ಜೆಯ ಹಾಗೆ ಹೆಜ್ಜೆಯ ಜೊತೆಗೆ ಬರುವ ಅಲಂಕಾರ ಎಂದುಕೊಳ್ಳಬೇಡಿ. ರಾತ್ರಿ ಬೆಂಕಿಯ ಸುತ್ತ ನಡೆಯುವ ಸ್ಟಾಂಪ್ ನೃತ್ಯದಲ್ಲಿ ಲಯದ ಆಧಾರವೇ ಈ ಚಿಪ್ಪುಗಳು. ಮುಂದಾಳು ಒಂದು ಸಣ್ಣ ಸಾಲು ಕೂಗಿ ಹಾಡುತ್ತಾನೆ, ಗಂಡಸರು ಮರುನುಡಿಯುತ್ತಾರೆ, ಮುಂದಾಳಿನ ಬೆನ್ನಿಗೇ ನಿಂತ ಹೆಂಗಸರು ಪಾದ ಬದಲಿಸಿ ಬದಲಿಸಿ ಮೆಟ್ಟಿ ಚಿಪ್ಪುಗಳಿಂದ ತಾಳ ಹಿಡಿಯುತ್ತಾರೆ. ಚಿಪ್ಪು ಕಟ್ಟಿದ ಹೆಂಗಸರಿಲ್ಲದೆ ಆ ನೃತ್ಯವೇ ಸಾಗದು. ಓಕ್ಲಹೋಮಾಕ್ಕೆ ಹೋದ ಜನರಲ್ಲಿ ಆಮೆಯ ಚಿಪ್ಪಿನ ಬದಲು ಖಾಲಿ ಹಾಲಿನ ಡಬ್ಬಿಗಳನ್ನು ತೂತು ಮಾಡಿ ಹರಳು ತುಂಬಿ ಕಟ್ಟುವ ರೂಢಿಯೂ ಬೆಳೆದಿದೆ. ಸಾಮಗ್ರಿ ಬದಲಾಯಿತು, ತಾಳ ಬದಲಾಗಲಿಲ್ಲ. ಪರಂಪರೆ ಜೀವಂತವಾಗಿದೆ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ಈಗ ಈ ಕುಣಿತದ ಆಕಾರವನ್ನು ಗಮನಿಸಿ. ನಡುವೆ ಬೆಂಕಿ. ಸುತ್ತ ಜನ. ಸಾಗುವ ದಿಕ್ಕು ನಮ್ಮ ಪ್ರದಕ್ಷಿಣೆಗೆ ವಿರುದ್ಧ. ಎಡಭುಜ ಬೆಂಕಿಯ ಕಡೆಗಿರುತ್ತದೆ. ಇದು 1775ರಲ್ಲಿ ಬಾರ್ಟ್ರಮ್ ಕಂಡ ಸಭಾಮನೆಯನ್ನು ನೆನಪಿಗೆ ತರುವುದಿಲ್ಲವೇ? ಅಲ್ಲಿಯೂ ನಡುವೆ ಬೆಂಕಿ, ಸುತ್ತ ದುಂಡಾದ ಸಾಲು. ಕಟ್ಟಡ ಸುಟ್ಟಿರಬಹುದು, ದಿಬ್ಬ ಸಮವಾಗಿರಬಹುದು. ಆದರೆ ಬೆಂಕಿಯ ಸುತ್ತ ಕುಣಿಯುವವರ ಹೆಜ್ಜೆಗಳು ಆ ಮನೆಯ ನಕ್ಷೆಯನ್ನು ಇಂದಿಗೂ ನೆಲದ ಮೇಲೆ ಬರೆಯುತ್ತಿವೆ. ಕಲೊವೀಯ ವಿದ್ಯಾರ್ಥಿಯೊಬ್ಬನು ತನ್ನ ತರಗತಿಯ ಕೆಳಗೆ ಏನಿತ್ತು ಎಂದು ತಿಳಿಯಬೇಕಾದರೆ ಈ ಹೆಜ್ಜೆಗಳನ್ನು ಕೇಳಬೇಕು. ಕಿವಿಯ ದಾರಿ ಎಂದು ನಾನು ಹೇಳಿದ್ದು ಇದನ್ನೇ.

ಆದರೆ ಈ ದಾರಿಯಲ್ಲಿ ಒಂದು ತೊಡಕಿದೆ. ನಮ್ಮ ಕಿವಿ ಮೊದಲೇ ಕೆಟ್ಟಿರುತ್ತದೆ. ಹಳೆಯ ಹಾಲಿವುಡ್ ಚಿತ್ರಗಳಲ್ಲಿ ಕುದುರೆ ಏರಿ ಬರುವ 'ರೆಡ್ ಇಂಡಿಯನ್ನರು' ಕಾಣಿಸಿದ ಕೂಡಲೇ ಒಂದು ಡೋಲು ಮೊಳಗುತ್ತದೆ: ಢಂ-ದಂ-ದಂ-ದಂ, ಢಂ-ದಂ-ದಂ-ದಂ. ಮೊದಲನೆಯದಕ್ಕೆ ಒತ್ತು, ಉಳಿದ ಮೂರು ಮೆಲ್ಲಗೆ. ಇದು ಸ್ಟುಡಿಯೋಗಳಲ್ಲಿ ಬೇರೂರಿದ ಸಿದ್ಧ ಮಾದರಿ, ಚೆರೋಕಿ ಸಂಗೀತವಲ್ಲ. ಹಲವರು ಸುತ್ತ ಕುಳಿತು ಒಟ್ಟಿಗೆ ಬಾರಿಸುವ ದೊಡ್ಡ ನಗಾರಿಯೂ ಮೂಲತಃ ಉತ್ತರದ ಹುಲ್ಲುಗಾವಲುಗಳ ಜನರ ಕಡೆಯಿಂದ ಬಂದದ್ದು. ಚೆರೋಕಿಗಳ ವಾದ್ಯ ಚಿಕ್ಕದು, ಹಾಡು ಚಿಕ್ಕದು. ಎಷ್ಟೋ ಹಾಡುಗಳಲ್ಲಿ ನಿಘಂಟಿನ ಅರ್ಥವಿಲ್ಲದ ಅಕ್ಷರಗಳೇ ಹೆಚ್ಚು. ನಮ್ಮ ತಾನ, ಜತಿಗಳಿಗೆ ಅರ್ಥ ಹುಡುಕದ ಹಾಗೆ ಅವಕ್ಕೂ ಹುಡುಕಬೇಕಿಲ್ಲ. ನಾಲ್ಕು ಮತ್ತು ಏಳು ಅವರಿಗೆ ಪವಿತ್ರ ಸಂಖ್ಯೆಗಳು. ಕುಲಗಳು ಏಳು. ಇದೆಲ್ಲ ಗೊತ್ತಿಲ್ಲದೆ ಸಿನಿಮಾದ ಢಂ-ದಂ ಬಾರಿಸಿ 'ಮೂಲನಿವಾಸಿ ಸಂಗೀತ' ಎಂದರೆ, ಒಮ್ಮೆ ದಿಬ್ಬ ಕಳೆದುಕೊಂಡವರ ಮೇಲೆ ಇನ್ನೊಮ್ಮೆ ಮಣ್ಣು ಹಾಕಿದಂತೆ.

ಹಾಗಾದರೆ ನಿಜವಾದ ತಾಳ ಹೇಗೆ ಉಳಿಯಿತು? ಇಲ್ಲಿ ಇಬ್ಬರನ್ನು ನೆನೆಯಬೇಕು. ಮೊದಲನೆಯವರು ವಿಲ್ ವೆಸ್ಟ್ ಲಾಂಗ್. ಕ್ವಾಲಾ ಸೀಮೆಯ ಬಿಗ್ ಕೋವ್ ಎಂಬಲ್ಲಿ ಹುಟ್ಟಿದವರು. ಎಳೆಯ ವಯಸ್ಸಿನಲ್ಲೇ ಜೇಮ್ಸ್ ಮೂನಿ ಎಂಬ ವಿದ್ವಾಂಸರಿಗೆ ನೆರವಾದರು. ಮುಂದೆ ಬೇರೆ ಸಂಶೋಧಕರಿಗೂ ಹಾಡು, ಕುಣಿತ, ಮುಖವಾಡಗಳ ವಿಷಯ ತಿಳಿಸಿಕೊಟ್ಟರು. ಸರ್ಕಾರಿ ವಸತಿಶಾಲೆಗಳಲ್ಲಿ ಚೆರೋಕಿ ಭಾಷೆ ಆಡಿದ ಮಕ್ಕಳಿಗೆ ಶಿಕ್ಷೆ ಕೊಡುತ್ತಿದ್ದ ಕಾಲ ಅದು. ಅಂಥ ಕಾಲದಲ್ಲಿ ಅವರು ಮನೆಯಂಗಳದಲ್ಲಿ ಹಳೆಯ ನೃತ್ಯಗಳನ್ನು ನಡೆಸಿಕೊಂಡು ಬಂದರು. 1947ರಲ್ಲಿ ತೀರಿಕೊಂಡರು. ಅವರ ಮಾಹಿತಿಯ ಮೇಲೆ ನಿಂತ, ಚೆರೋಕಿ ನೃತ್ಯ ಮತ್ತು ನಾಟಕವನ್ನು ಕುರಿತ ಪುಸ್ತಕ 1951ರಲ್ಲಿ ಪ್ರಕಟವಾಯಿತು.

ಎರಡನೆಯವರು ಅವರ ಸೋದರಳಿಯ ವಾಕರ್ ಕ್ಯಾಲ್ಹೂನ್. 1918ರಲ್ಲಿ ಹುಟ್ಟಿದ ಇವರು ಮಾವನ ಹಾಡುಗಳನ್ನು ಕೇಳಿ ಕೇಳಿಯೇ ಕಲಿತವರು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಾಗಿ ದುಡಿದು ಊರಿಗೆ ಮರಳಿದರು. ಮಾವ ತೀರಿಕೊಂಡ ಮೇಲೆ ನೃತ್ಯಗಳು ಕ್ಷೀಣಿಸಿದ್ದವು. ಕ್ಯಾಲ್ಹೂನ್ ತಮ್ಮ ಮಕ್ಕಳು ಮೊಮ್ಮಕ್ಕಳಿಗೇ ಹಾಡು ಕಲಿಸಿ 'ರೇವನ್ ರಾಕ್' ನರ್ತಕರ ತಂಡ ಕಟ್ಟಿದರು. ಗಿಲಿಕೆಯನ್ನೋ ನೀರಿನ ಮದ್ದಳೆಯನ್ನೋ ಹಿಡಿದು ತಾವೇ ಹಾಡುತ್ತಿದ್ದರು, ಎಳೆಯರು ಕುಣಿಯುತ್ತಿದ್ದರು. 1990ರ ದಶಕದ ಆರಂಭದಲ್ಲಿ ಅವರ ಹಾಡುಗಳ ಧ್ವನಿಸುರುಳಿಯನ್ನು ಹೊರತಂದದ್ದು ಬೇರಾರೂ ಅಲ್ಲ, ಇದೇ ವೆಸ್ಟರ್ನ್ ಕ್ಯಾರೊಲೈನಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ. 1992ರಲ್ಲಿ ಅಮೆರಿಕದಲ್ಲಿ ಜಾನಪದ ಕಲಾವಿದರಿಗೆ ಸಲ್ಲುವ ಅತ್ಯುನ್ನತ ರಾಷ್ಟ್ರೀಯ ಗೌರವ ಅವರಿಗೆ ದೊರಕಿತು. 2012ರಲ್ಲಿ ನಿಧನರಾದರು. 1956ರಲ್ಲಿ ದಿಬ್ಬವನ್ನು ಕಳೆದ ವಿದ್ಯಾಸಂಸ್ಥೆ ಕೆಲವು ದಶಕಗಳ ನಂತರ ಅದೇ ಜನರ ಹಾಡನ್ನು ಉಳಿಸಲು ಕೈಜೋಡಿಸಿತು. ಇದರಿಂದ ದಿಬ್ಬ ಮರಳಿ ಬರಲಿಲ್ಲ, ನಿಜ. ಆದರೆ ಒಂದು ವಿಶ್ವವಿದ್ಯಾಲಯ ತಾನು ನಿಂತ ನೆಲದ ಕಡೆಗೆ ಕಿವಿ ಕೊಡಲು ಸಾಧ್ಯವಿದೆ ಎಂಬುದು ತಿಳಿಯಿತು.

ಇಂಥ ಕ್ಯಾಂಪಸ್ಸಿನಲ್ಲಿ ತಾಳವಾದ್ಯ ಕಲಿಯುವ ವಿದ್ಯಾರ್ಥಿಗಳು ಈ ಪರಂಪರೆಯನ್ನು ಹೇಗೆ ಸಮೀಪಿಸಬೇಕು? ಧ್ವನಿಮುದ್ರಣ ಹಾಕಿ, ಪೆಟ್ಟುಗಳನ್ನು ಎಣಿಸಿ, ವೇದಿಕೆಯ ಮೇಲೆ ಹಾಗೆಯೇ ಬಾರಿಸಿಬಿಡುವುದು ಸುಲಭ. ಅದು ಸರಿಯಾದ ದಾರಿಯಲ್ಲ. ಹಾಡುಗಳಲ್ಲಿ ಎಲ್ಲರ ಮುಂದೆ ಹಾಡುವವು ಇವೆ. ಪೂಜೆಗೆ, ಚಿಕಿತ್ಸೆಗೆ ಮೀಸಲಾದವೂ ಇವೆ. ಯಾವುದು ಯಾವುದೆಂದು ಹೇಳಬೇಕಾದವರು ಆ ಜನರೇ. ಆದುದರಿಂದ ಮೊದಲ ಕೆಲಸ ಅವರ ಬಳಿಗೆ ಹೋಗುವುದು. ಎರಡನೆಯದು ಕೇಳುವುದು, ಅಂದರೆ ಆಲಿಸುವುದೂ ಹೌದು, ಅನುಮತಿ ಬೇಡುವುದೂ ಹೌದು. ಮೂರನೆಯದು, ಬೇಡ ಎಂದದ್ದನ್ನು ಬಿಡುವುದು. ನಾಲ್ಕನೆಯದು, ಕಲಿಸಿದವರ ಹೆಸರನ್ನು ವೇದಿಕೆಯ ಮೇಲೆ ಹೇಳುವುದು. ಇಷ್ಟಾದ ಮೇಲೆ ಸ್ವಂತವಾಗಿ ಮಾಡುವ ಕೆಲಸವೂ ಬೇಕಾದಷ್ಟಿದೆ. ಆ ಊರಿನ ಹೆಸರನ್ನೇ ತೆಗೆದುಕೊಳ್ಳಿ: ತಾಲಿ ತ್ಸಿಸ್‌ಗ್ವಾಯಾಹಿ. ಅದನ್ನು ಸರಿಯಾಗಿ ಉಚ್ಚರಿಸಲು ಚೆರೋಕಿ ಬಲ್ಲವರಿಂದ ಕಲಿತು, ಆ ಉಚ್ಚಾರದ ಏರಿಳಿತವನ್ನೇ ಕೈಯಲ್ಲಿ ಬಾರಿಸಿ ನೋಡಬಹುದು. ಹೀಗೆ ಮಾಡಿದ ವಿದ್ಯಾರ್ಥಿ ಆ ಹೆಸರನ್ನು ಮತ್ತೆಂದೂ ಮರೆಯುವುದಿಲ್ಲ.

ಹೆಸರು ನೆನಪಿಡುವುದು ಸಣ್ಣ ವಿಷಯವಲ್ಲ. ಕಲೊವೀ ಎಂದರೆ ನೈದಿಲೆಗಳ ಕಣಿವೆ ಎಂದು ಬಹಳ ಜನ ನಂಬಿದ್ದುಂಟು. ನಿಜದಲ್ಲಿ ಅದು ಜುಡಾಕುಲ್ಲ ಎಂಬ ದೈತ್ಯನ ಹೆಸರಿನಿಂದ ಬಂದದ್ದೆಂದು ಹೇಳುತ್ತಾರೆ. ಚೆರೋಕಿ ಕಥೆಗಳಲ್ಲಿ ಅವನು ಆ ಬೆಟ್ಟಗಳ ಬೇಟೆಯ ಒಡೆಯ. ಅವನ ಹೆಸರಿನ ಬಂಡೆಯೊಂದು ಕ್ಯಾಂಪಸ್ಸಿನಿಂದ ಕೆಲವೇ ಕಿಲೋಮೀಟರ್ ದೂರದಲ್ಲಿದೆ. ನಮ್ಮ ಹೊಯ್ಸಳ ಶಿಲ್ಪಿಗಳು ಬಳಸಿದಂಥ ಬಳಪದ ಕಲ್ಲಿನ ಜಾತಿಗೆ ಸೇರಿದ ಆ ಬಂಡೆಯ ಮೈತುಂಬ ಸಾವಿರಕ್ಕೂ ಹೆಚ್ಚು ಕೆತ್ತನೆಗಳಿವೆ. ತಪ್ಪು ಅರ್ಥ ಎಷ್ಟೇ ಸುಂದರವಾಗಿದ್ದರೂ ಕಥೆಯನ್ನು ಅಳಿಸಿಬಿಡುತ್ತದೆ. ಸರಿಯಾದ ಅರ್ಥ ಬಂಡೆಯ ತನಕ ಕರೆದುಕೊಂಡು ಹೋಗುತ್ತದೆ.

ಕಾಲವೂ ಹೆಚ್ಚಿಲ್ಲ. 2019ರಲ್ಲಿ ಮೂರು ಚೆರೋಕಿ ಸಮುದಾಯಗಳು ಒಟ್ಟಾಗಿ ತಮ್ಮ ಭಾಷೆ ತುರ್ತುಸ್ಥಿತಿಯಲ್ಲಿದೆ ಎಂದು ಘೋಷಿಸಿದವು. ಪೂರ್ವ ಸಮುದಾಯದಲ್ಲಿ ಭಾಷೆಯನ್ನು ನಿರರ್ಗಳವಾಗಿ ಆಡಬಲ್ಲವರು ಆಗ ಇನ್ನೂರರ ಆಸುಪಾಸಿಗೆ ಇಳಿದಿದ್ದರು, ಅವರಲ್ಲೂ ಹೆಚ್ಚಿನವರು ಹಿರಿಯರು. ಚಿಕ್ಕ ಮಕ್ಕಳಿಗೆ ಚೆರೋಕಿಯಲ್ಲೇ ಪಾಠ ಹೇಳುವ ಶಾಲೆಯನ್ನು ಸಮುದಾಯ ನಡೆಸುತ್ತಿದೆ. ಮಾತು ಬಾರದ ಮಗುವೂ ಹಾಡಿಗೆ ಮರುನುಡಿಯಬಲ್ಲುದು, ಬೆಂಕಿಯ ಸುತ್ತ ಹೆಜ್ಜೆ ಹಾಕಬಲ್ಲುದು. ಭಾಷೆಯೊಳಗೆ ಬರಲು ತಾಳ ಒಂದು ಬಾಗಿಲು.

ಜೇಮ್ಸ್ ಮೂನಿ ಸಂಗ್ರಹಿಸಿದ ಚೆರೋಕಿ ಕಥೆಗಳಲ್ಲಿ ನನ್ನೆಹೀ ಎಂಬ ಅದೃಶ್ಯ ಜನರ ಪ್ರಸ್ತಾಪ ಬರುತ್ತದೆ. ಅವರು ಬೆಟ್ಟಗಳ ಒಳಗೂ ಹಳೆಯ ದಿಬ್ಬಗಳ ಅಡಿಯಲ್ಲೂ ಊರು ಕಟ್ಟಿಕೊಂಡಿರುತ್ತಾರಂತೆ. ಹಾಡು ಕುಣಿತವೆಂದರೆ ಅವರಿಗೆ ಪ್ರಾಣ. ಬೇಟೆಗೆ ಹೋದವರಿಗೆ ಒಮ್ಮೊಮ್ಮೆ ಅವರ ಮದ್ದಳೆಯ ಸದ್ದು ಕೇಳಿಸುತ್ತದೆ. ಸದ್ದನ್ನು ಹುಡುಕಿಕೊಂಡು ಹೋದರೆ ಅದು ಬೆನ್ನ ಹಿಂದಿನಿಂದಲೋ ಇನ್ನೊಂದು ದಿಕ್ಕಿನಿಂದಲೋ ಬರುತ್ತದೆ. ಕಥೆ ಹೇಳಿದವರಿಗೆ ಒಂದು ಸತ್ಯ ಗೊತ್ತಿತ್ತು: ನೆಲದಡಿಯ ತಾಳವನ್ನು ಹಿಡಿದು ತರುತ್ತೇನೆಂದು ಹೊರಟವನಿಗೆ ಅದು ಸಿಕ್ಕುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಯಾರಾದರೂ ಮುಂದೆ ಓದಿಗಾಗಿ ಆ ದೇಶಕ್ಕೆ ಹೋಗಬಹುದು. ಹೋದರೆ ನೀವು ಸೇರುವ ಕ್ಯಾಂಪಸ್ಸು ಯಾರ ನೆಲವಾಗಿತ್ತು ಎಂದು ಮೊದಲ ವಾರದಲ್ಲೇ ವಿಚಾರಿಸಿ. ಆ ಜನ ಈಗ ಎಲ್ಲಿದ್ದಾರೆ ಎಂದು ಕೇಳಿ. ಅವರು ಎಲ್ಲರನ್ನೂ ಕರೆಯುವ ಹಬ್ಬ, ಕುಣಿತಗಳಿದ್ದರೆ ಹೋಗಿ, ಒಂದು ಬದಿಯಲ್ಲಿ ನಿಂತು ಆಲಿಸಿ. ಬನ್ನಿ ಎಂದು ಕರೆದರೆ ಸಾಲಿನ ಕೊನೆಯಲ್ಲಿ ಸೇರಿಕೊಂಡು ಹೆಜ್ಜೆ ಹಾಕಿ. ಎಲ್ಲಿಗೂ ಹೋಗದೆ ಇಲ್ಲೇ ಓದುವವರು ಈ ಲೇಖನದ ಮೊದಲ ಪ್ರಶ್ನೆಯನ್ನು ನಿಮ್ಮ ಕಾಲೇಜಿನ ಆವರಣದಲ್ಲಿ ನಿಂತು ಕೇಳಿಕೊಳ್ಳಿ. ಊರಿನ ಹಿರಿಯರೊಬ್ಬರಿಗೆ ಉತ್ತರ ಗೊತ್ತಿದ್ದೀತು. ಅವರು ಇರುವಾಗಲೇ ಹೋಗಿ ಕೇಳಿ.